ಅರ್ಧ ಮಧುಗಿರಿಗೆ, ಅರ್ಧ ಪಾವಗಡಕ್ಕೆ

ಮಧುಗಿರಿ
10 ಫೆಬ್ರುವರಿ 2025

ಮಾನ್ಯರೇ,

ಸರ್ವಲೋಕ ಸುವಾರ್ತಾ ಸಭೆಯ ಮೂಲ ಬಣ, ಮಧುಗಿರಿ, ಇದರ ಕಾರ್ಯದರ್ಶಿಯೂ ನಿವೃತ್ತ ಡ್ರಿಲ್ ಮಾಸ್ತರನೂ ಆದ ಸಮಾಧಾನಪ್ಪನು, ಸದರಿ ಸಭೆಯ ಐಕ್ಯ ಬಣ, ವೈ.ಎನ್.ಹೊಸಕೋಟೆ, ಪಾವಗಡ ತಾಲ್ಲೂಕು, ಇದರ ಕಾರ್ಯದರ್ಶಿಯೂ ನಿವೃತ್ತ ನರ್ಸಮ್ಮನೂ ಆದ ಜೀವರತ್ನ ಅವರಿಗೆ ಕರ್ತನ ನಾಮದಲ್ಲಿ ವಂದಿಸುತ್ತಾನೆ. ವಂದನೆ ಕರ್ತನ ನಾಮಕ್ಕೆ. ನಿಮಗೆ ಬರೀ ಕಾಗದ. ನೀವು ನನ್ನ ಒಡಹುಟ್ಟಿದ ಅಕ್ಕ ಎಂಬ ಸಂಗತಿಯನ್ನು ಈ ಕಾಗದದ ಮಟ್ಟಿಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ. ನಿಮ್ಮದನ್ನು ನಾನು ಅದಕ್ಕೆ ಮುಂಚೆಯೇ ಮಾಡಿದ್ದೆ ಎಂಬುದು ಬೇರೆ ಮಾತು.

ವಿಷಯ, ವಿದೇಶದ ಹೆಡ್ಡಾಫೀಸಿನ ಸುತ್ತೋಲೆ. ನಿಮಗೂ ಬಂದಿರಬೇಕು. ಮೂರು ವರ್ಷದ ಹಿಂದೆ ಯಾವುದೋ ಹಿಮ ಬೀಳುವ ಊರಿನಲ್ಲಿ ಲೋಕದ ಸಭೆಯವರೆಲ್ಲ ಸೇರಿ ಹದಿನೆಂಟನೆಯ ನಿಬಂಧನೆಯ ಮೇಲೆ ಕೈ ಎತ್ತಿದರು. ಎತ್ತಿದವರು ಒಂದು ಕಡೆಯಾದರು, ಎತ್ತದವರು ಇನ್ನೊಂದು ಕಡೆ. ಆ ಕೈಗಳ ಗಾಳಿ ಇಲ್ಲಿಯವರೆಗೂ ಬೀಸಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಚೆಲ್ಲಿಕೊಂಡಿದ್ದ ನಮ್ಮ ಒಂದು ಹಿಡಿ ಜನ ಎರಡು ಹೋಳಾದೆವು. ಇದ್ದಲ್ಲೇ ಇದ್ದವರು ನಾವು, ಮೂಲ. ಬಿಟ್ಟು ಹೋದವರು ನೀವು. ಬಿಟ್ಟು ಹೋದ ಮೇಲೆ ನೀವು ಇಟ್ಟುಕೊಂಡ ಹೆಸರು ಐಕ್ಯ. ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇವೆ.

ಈಗ ಅಲ್ಲಿನ ದೊಡ್ಡವರಿಗೆ ಒಂದಾಗುವ ಮನಸ್ಸು ಬಂದಿದೆಯಂತೆ. ಒಡೆದುಹೋದ ಊರುಗಳವರು ಜೂನ್‌ನಲ್ಲಿ ಬರುವ ಪೆಂಟೆಕೋಸ್ತ್ ಹಬ್ಬದೊಳಗೆ ಒಂದೇ ಮೇಜಿನಲ್ಲಿ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕಂತೆ, ತಮ್ಮ ಜಗಳಕ್ಕೆ ಕಾರಣವೇನೆಂದು ಒಂದು ಪುಟ ಬರೆದು ಕಳಿಸಬೇಕಂತೆ. ನಮ್ಮ ಕಮಿಟಿ ಕೂತು ಕಾರಣ ಹುಡುಕಿತು. ನಿಬಂಧನೆ ಇಂಗ್ಲಿಷಿನಲ್ಲಿತ್ತು. ಓದಿ ಅರ್ಥ ಹೇಳಿದ್ದವರು ತೀರಿಕೊಂಡಿದ್ದಾರೆ. ಆದ್ದರಿಂದ ನಿಮ್ಮ ಕಡೆಯ ಕಾರಣವನ್ನು ಮೊದಲು ತಿಳಿಸತಕ್ಕದ್ದು. ಅದಕ್ಕೆ ವಿರುದ್ಧವಾದದ್ದನ್ನು ನಾವು ಬರೆದುಕೊಳ್ಳುತ್ತೇವೆ.

ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿರುವ ನಮ್ಮ ತಾಯಿ ದಾಸಮ್ಮನವರು ಮೂರು ವರ್ಷದಿಂದ ನಿಮ್ಮ ಸಭೆಯಲ್ಲಿ ಪ್ರಭು ಭೋಜನಕ್ಕೆ ಕೈ ಚಾಚಿಲ್ಲವೆಂದು ನಂಬಿಕಸ್ಥರಿಂದ ತಿಳಿದಿದೆ. ಅವರು ಮೂಲಕ್ಕೆ ನಿಷ್ಠರು ಎಂದು ನಮ್ಮ ಸಭೆಯಲ್ಲಿ ಸಾಕ್ಷಿ ಹೇಳಿ ಚಪ್ಪಾಳೆ ತಟ್ಟಿದ್ದೇವೆ. ಮುದುಕಿಯನ್ನು ಉಪವಾಸ ಕೆಡವಿದ್ದು ಸಾಕು. ಈಸ್ಟರಿಗೆ ಮಧುಗಿರಿಗೆ ಕಳಿಸಿ. ನಮ್ಮ ಮೇಜಿನಲ್ಲಿ ಉಣ್ಣಲಿ.

ಇಂತಿ,
ಸಮಾಧಾನಪ್ಪ


ವೈ.ಎನ್.ಹೊಸಕೋಟೆ
19 ಫೆಬ್ರುವರಿ 2025

ಲೇ ಸಮಾಧಾನ,

ನಿನ್ನ ರಿಜಿಸ್ಟರ್ ಕಾಗದ ಬಂತು. ಪೋಸ್ಟಿನವನು ರುಜು ಹಾಕಿಸಿಕೊಳ್ಳುತ್ತಾ, "ಕೋರ್ಟು ನೋಟೀಸಾ ಅಕ್ಕಾ?" ಅಂದ. "ಇಲ್ಲ ಕಣಪ್ಪ, ನನ್ನ ತಮ್ಮಂದು" ಅಂದೆ. "ಅಂಗಾರೆ ಕೋರ್ಟೇ ವಾಸಿ" ಅಂತ ಹೊರಟುಹೋದ. ಅವನು ನಮ್ಮ ಸಭೆಯವನೂ ಅಲ್ಲ, ನಿಮ್ಮವನೂ ಅಲ್ಲ.

ಕಾರಣ ಕೇಳಿದ್ದೀಯ. ನಮ್ಮ ಕಮಿಟಿಯಲ್ಲಿ ಎಲ್ಲರಿಗೂ ಕಾರಣ ಗೊತ್ತು, ಒಬ್ಬರದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ ಅಷ್ಟೆ. ಒಬ್ಬರು ಬಿಷಪ್ಪರ ಅಧಿಕಾರ ಅಂದರು, ಇನ್ನೊಬ್ಬರು ದೀಕ್ಷಾಸ್ನಾನದ ನೀರಿನ ಆಳ ಅಂದರು. ಮಗ್ಗದ ಮನೆಯ ಮಾಮಿ, "ಆ ಸಮಾಧಾನಪ್ಪನ ಬಾಯಿ" ಅಂದರು. ಮೂರನೆಯದಕ್ಕೆ ಬಹುಮತ ಬಂದಿದೆ. ಅದಕ್ಕೆ ವಿರುದ್ಧವಾದದ್ದನ್ನು ಬರೆದುಕೋ.

ಇನ್ನು ಅಮ್ಮನ ಮಾತು. ನಿಮ್ಮಲ್ಲಿ ಚಪ್ಪಾಳೆ ಬಿತ್ತಾ? ನಮ್ಮಲ್ಲೂ ಬಿದ್ದಿದೆ. ಕಳೆದ ಕ್ರಿಸ್ಮಸ್ಸಿಗೆ ಅಮ್ಮ ನಿನ್ನ ಮನೆಗೆ ಬಂದಿದ್ದಳಲ್ಲ, ನಿಮ್ಮ ದೇವಾಲಯದ ಮುಂದಿನ ಬೆಂಚಿನಲ್ಲಿ ಕೂತಿದ್ದಳಲ್ಲ, ರೊಟ್ಟಿಯ ತಟ್ಟೆ ಮುಂದೆ ಬಂದಾಗ ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡಳಂತೆ. ಅಲ್ಲಿದ್ದವರೇ ಒಬ್ಬರು ಬಂದು ಹೇಳಿದರು. ತಾಯಿ ಐಕ್ಯಕ್ಕೆ ನಿಷ್ಠಳು ಎಂದು ನಾವು ಎದ್ದು ನಿಂತು ಸ್ತೋತ್ರ ಹಾಡಿದೆವು. ಒಳ್ಳೆಯ ಕೀರ್ತನೆಯ ಧಾಟಿಯಲ್ಲಿ ಹಾಡಿದೆವು, ನಿಮ್ಮ ಹಾಗೆ ಇಂಗ್ಲಿಷ್ ರಾಗದಲ್ಲಿ ಎಳೆಯುತ್ತಾ ಅಲ್ಲ.

ಇಲ್ಲಿ ಯಾಕೆ ತಗೊಳ್ಳಲ್ಲ ಅಂದರೆ ಅವಳ ಹಲ್ಲಿನ ಸೆಟ್ಟು ಸಡಿಲ. ಸಭೆಗೆ ನಾನು ಹಾಗೇ ಹೇಳಿದ್ದೇನೆ. ನೀನೂ ಹಾಗೇ ತಿಳಿದುಕೋ. ಈಸ್ಟರಿಗೆ ಕಳಿಸುವುದಿಲ್ಲ.

ಜೀವರತ್ನ


ಮಧುಗಿರಿ
3 ಮಾರ್ಚ್ 2025

ಮಾನ್ಯರೇ,

ಸಡಿಲವಾದ ಹಲ್ಲಿನ ಸೆಟ್ಟಿನಲ್ಲಿ ಅದೇ ಕ್ರಿಸ್ಮಸ್ಸಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ನಮ್ಮ ತಾಯಿಯವರು ನಾಟಿ ಕೋಳಿಯ ಕಾಲು ತಿಂದಿದ್ದಾರೆ. ಮೂಳೆ ಸಹಿತ. ನಾನು ಎದುರಿಗಿದ್ದೆ.

ಅಂದರೆ, ಅಂದು ಕಾಣಿಕೆ ಎಣಿಸುತ್ತಿದ್ದ ನಾನು ಗಮನಿಸದಿದ್ದರೂ, ತಾಯಿಯವರು ನಿಮ್ಮಲ್ಲೂ ತೆಗೆದುಕೊಂಡಿಲ್ಲ, ನಮ್ಮಲ್ಲೂ ಇಲ್ಲ. ಎರಡು ಸಾಕ್ಷಿಗಳೂ ಒಂದಕ್ಕೊಂದು ವಜಾ ಆದವು. ನಮ್ಮ ಕಮಿಟಿಯಲ್ಲಿ ಈ ಸುದ್ದಿಯನ್ನು ಇನ್ನೂ ಬಿಟ್ಟಿಲ್ಲ. ತಾಯಿಯವರು ನಿಮ್ಮ ವಶದಲ್ಲಿರುವುದರಿಂದ ಕಾರಣ ಕೇಳಿ ತಿಳಿಸುವುದು ನಿಮ್ಮ ಜವಾಬ್ದಾರಿ. ಹಲ್ಲಿನ ಮೇಲೆ ಹಾಕಬೇಡಿ.

ನನ್ನ ಅನುಮಾನ ರೊಟ್ಟಿಯ ಮೇಲಿದೆ. ನೀವು ಪ್ಯಾಕೆಟ್ ಬನ್ನು ಮುರಿಯುತ್ತೀರೆಂದು ಕೇಳಿದ್ದೇನೆ. ನಮ್ಮ ಸಭೆಯ ರೊಟ್ಟಿ ಬೇರೆ. ಮಿಶನ್ ದೊರೆಗಳ ಕಾಲದಿಂದ ಬಂದ ಪದ್ಧತಿಯಂತೆ, ಸಕ್ಕರೆ ಹಾಕದೆ, ಪ್ರಭು ಭೋಜನಕ್ಕೆಂದೇ ಪ್ರತ್ಯೇಕವಾಗಿ ಶಿರಾದಲ್ಲಿ ಬೇಯಿಸಿ ತರಿಸುವುದು. ನಮ್ಮ ತಾಯಿ ಆ ರುಚಿಯಲ್ಲಿ ಬೆಳೆದವರು. ಬನ್ನು ಅವರ ಗಂಟಲಲ್ಲಿ ಇಳಿಯದು. ನಮ್ಮಲ್ಲಿ ತೆಗೆದುಕೊಳ್ಳದಿದ್ದುದು ನಿಮ್ಮ ಭಯಕ್ಕೆ ಎಂದು ನಮ್ಮ ಪಾಸ್ಟರು ಅಭಿಪ್ರಾಯಪಟ್ಟಿದ್ದಾರೆ.

ಒಂದೇ ಮೇಜು ಎಂದು ಹೆಡ್ಡಾಫೀಸು ಹೇಳಿದ ಮೇಲೆ ಇಲ್ಲವೆನ್ನಲಾಗದು. ನಮ್ಮ ದೇವಾಲಯದಲ್ಲಿ, ನಮ್ಮ ಪಾಸ್ಟರ ಕೈಯಿಂದ, ನಮ್ಮ ರೊಟ್ಟಿಯಿಂದ ನಡೆಯುವುದಾದರೆ ನೀವು ಬಂದು ಕೂರಬಹುದು. ಹಿಂದಿನ ಬೆಂಚು ಖಾಲಿ ಇದೆ.

ಇಂತಿ,
ಸಮಾಧಾನಪ್ಪ


ವೈ.ಎನ್.ಹೊಸಕೋಟೆ
14 ಮಾರ್ಚ್ 2025

ಸಮಾಧಾನ,

ದೇವಾಲಯ ನಿಮ್ಮದು, ಪಾಸ್ಟರು ನಿಮ್ಮವರು, ರೊಟ್ಟಿ ನಿಮ್ಮದು. ನಾವು ಏನು ತರಬೇಕು, ಬಾಗಿಲಲ್ಲಿ ಬಿಡೋಕೆ ಚಪ್ಪಲಿನಾ? ಕೊರಟಗೆರೆಯಲ್ಲಿ ಎರಡು ಕಡೆಯವರಿಗೂ ಸೇರದ ಒಂದು ಹಾಲ್ ಇದೆ, ಅಲ್ಲಿ ಸೇರೋಣ ಅಂತ ನಮ್ಮವರು ಅಂದರು. ಕೊಳಾಲದ ಕಡೆಯ ನಿಮ್ಮ ನಾಲ್ಕು ಮನೆಯವರು ಆಗಲೇ, ಗೊರವನಹಳ್ಳಿ ಲಕ್ಷ್ಮಮ್ಮನ ಗುಡಿಗೆ ಹೋಗೋ ಜನ ತುಂಬಿದ ಬಸ್ಸಲ್ಲಿ ನಾವು ನೇತಾಡಿಕೊಂಡು ಬರೋಲ್ಲ ಅಂತ ಹೇಳಿ ಕಳಿಸಿದ್ದಾರೆ. ಒಂದಾಗೋಕೆ ಮುಂಚೆಯೇ ಬಸ್ಸಿಗೆ ಜಗಳ.

ಅಮ್ಮನನ್ನು ಕೇಳಿದೆ. ಅಂಗಳದಲ್ಲಿ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಏಮ್ಮಾ, ಮೂರು ವರ್ಷ ಆದ್ಮೇಲೆ ಕೇಳ್ತೀಯಾ?" ಅಂದಳು. ಆಮೇಲೆ ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೇ ಬರೀತೀನಿ, ಒಂದು ಅಕ್ಷರ ತಿದ್ದಿಲ್ಲ:

"ಸ್ವಾಮಿ ಒಂದು ಪಂಕ್ತಿ ಹಾಕ್ದ. ನೀವು ಎರ್ಡ್ ಮಾಡ್ಕಂಡ್ರಿ. ನಿನ್ ಪಂಕ್ತೀಲಿ ಉಣ್ದಿದ್ರೆ ಅವ್ನು ಚಪ್ಪಾಳೆ ಹೊಡೀತಾನೆ, ಅವುನ್ ಪಂಕ್ತೀಲಿ ಉಣ್ದಿದ್ರೆ ನೀನು ಹಾಡ್ತೀಯ. ನಾನೇನು ನಿಮ್ ಓಟಾ? ಒಂದು ಪಂಕ್ತಿ ಮಾಡ್ರಿ, ಉಣ್ತೀನಿ. ಮಾಡ್ನಿಲ್ವಾ, ಇಂಗೇ ಹೋಯ್ತೀನಿ. ಮ್ಯಾಲೆ ಹೋದ್ಮ್ಯಾಗೆ ಅವನ್ ಹತ್ರಾನೇ ಕೇಳಿ ಉಣ್ತೀನಿ."

ನಿನಗೆ ಹೇಳದೆ ಇಟ್ಟ ಮಾತು ಒಂದಿದೆ. ಅವಳ ಸೊಂಟದ ಕೀಲು ಸವೆದು ಹೋಗಿದೆ. ಮೇ ಐದರ ಸೋಮವಾರ ತುಮಕೂರಿನಲ್ಲಿ ಆಪರೇಷನ್ನು. ಈ ವಯಸ್ಸಿಗೆ ಮತ್ತಿನ ಮದ್ದು ಕೊಟ್ಟರೆ ಎಚ್ಚರಾಗುವುದು ಗ್ಯಾರಂಟಿ ಇಲ್ಲ ಅಂತ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಮ್ಮ ಪಕ್ಕದ ಕುರ್ಚಿಯಿಂದಲೇ ಕೇಳಿಸಿಕೊಂಡಳು. ಅದಕ್ಕೆ ಮುಂಚೆ ರೊಟ್ಟಿ ತಿನ್ನಬೇಕು ಅಂತ ಅವಳಿಗೆ ಆಸೆ. ಪಂಕ್ತಿ ಒಂದಾಗದೆ ತಿನ್ನಲ್ಲ ಅಂತ ಹಟ. ನಿನಗೆ ಯಾಕೆ ಮೊದಲೇ ಹೇಳಲಿಲ್ಲ ಅಂದರೆ, ನೀನು ಬಂದು ಆಸ್ಪತ್ರೆಯಲ್ಲೂ ಸಾಕ್ಷಿ ಹೇಳಿಸುತ್ತೀಯ ಅಂತ.

ಪ್ಯಾಕೆಟ್ ಬನ್ನು ಅಂತ ಯಾರು ಹೇಳಿದರು ನಿನಗೆ? ನೀವೇ ಬೆಂಗಳೂರಿಂದ ಕಾಗದದಂಥ ಬಿಲ್ಲೆ ತರಿಸುತ್ತೀರಿ ಅಂತ ನಾವು ಕೇಳಿದ್ದೇವೆ. ನಮ್ಮದು ಶಿರಾದ ಇಸಾಕ್ ಸಾಹೇಬರ ಬೇಕರಿ ರೊಟ್ಟಿ. ಬಿಳಿ ಬಟ್ಟೆ ಸುತ್ತಿ ಶನಿವಾರದ ಪಾವಗಡ ಬಸ್ಸಿಗೆ ಹಾಕುತ್ತಾರೆ.

ಜೀವರತ್ನ


ಮಧುಗಿರಿ
8 ಏಪ್ರಿಲ್ 2025

ಜೀವರತ್ನ ಅವರಿಗೆ,

ಇಷ್ಟು ದಿನ ಉತ್ತರ ಬರೆಯದಿದ್ದುದು ಉತ್ತರವಿಲ್ಲದೆ ಅಲ್ಲ. ಬರೆದು ನಾಲ್ಕು ಸಲ ಹರಿದೆ. ಸೊಂಟದ ವಿಷಯ ಹೇಳದೆ ಇಟ್ಟುಕೊಂಡಿದ್ದಕ್ಕೆ ಏನು ಬರೆದರೂ ಕಾರ್ಯದರ್ಶಿ ಬರೆದ ಹಾಗೆ ಕಾಣಲಿಲ್ಲ. ಆ ಲೆಕ್ಕ ಬೇರೆ ಇರಲಿ.

ಬೇಕರಿಯ ಹೆಸರು ಓದಿ ನನ್ನ ಬಿ.ಪಿ. ಏರಿತು. ನಮಗೂ ರೊಟ್ಟಿ ಬರುವುದು ಇಸಾಕ್ ಬೇಕರಿಯಿಂದಲೇ. ಶನಿವಾರ ಹೊರಟು ಶಿರಾಕ್ಕೆ ಹೋದೆ. ಹೋದ ಉದ್ದೇಶ ಮುಚ್ಚಿಡುವುದಿಲ್ಲ. ಹೊಸಕೋಟೆಗೆ ಸರಬರಾಜು ನಿಲ್ಲಿಸಿರಿ, ಇಲ್ಲವೇ ನಮ್ಮ ವ್ಯವಹಾರ ಬಿಡಿ ಎಂದು ಹೇಳಲು ಹೋಗಿದ್ದೆ.

ಸಾಹೇಬರು ಒಲೆಯ ಮುಂದೆ ಬೆವರುತ್ತಾ ಕೂತಿದ್ದರು. ಎದುರಿನ ಹಲಗೆಯ ಮೇಲೆ ಒಂದು ರೊಟ್ಟಿ, ನಮ್ಮ ಮನೆಯ ದಿಂಬಿನಷ್ಟು ಉದ್ದ. ನಾನು ನೋಡುತ್ತಿದ್ದ ಹಾಗೇ ಚಾಕು ಹಾಕಿ ಮಧ್ಯಕ್ಕೆ ಕುಯ್ದರು. ಒಂದು ಹೋಳನ್ನು ಒಂದು ಬಟ್ಟೆಯಲ್ಲಿ, ಇನ್ನೊಂದನ್ನು ಇನ್ನೊಂದರಲ್ಲಿ ಸುತ್ತಿದರು.

"ಇದೇನು ಸಾಹೇಬ್ರೆ?" ಎಂದೆ.

"ನಿಮ್ದೇ ಮಾಸ್ಟರ್ ಸಾಬ್. ಅರ್ಧ ಮಧುಗಿರಿಗೆ, ಅರ್ಧ ಪಾವಗಡಕ್ಕೆ."

"ಒಂದೇ ರೊಟ್ಟಿಯನ್ನಾ?"

"ಮತ್ತೆ? ಅಚ್ಚು ಒಂದೇ ಇರೋದು. ನಿಮ್ಮ ಪಾದ್ರಿ ದೊರೆ ನಮ್ಮ ತಾತಂಗೆ ಕೊಟ್ಟ ಅಚ್ಚು. ಮೊದಲು ಪೂರಾ ಮಧುಗಿರಿಗೆ ಹೋಗ್ತಿತ್ತು. ಮೂರು ವರ್ಷದ ಹಿಂದೆ ನಿಮ್ಮ ಅಕ್ಕ ಫೋನ್ ಮಾಡಿ ಹೊಸಕೋಟೆಗೂ ಬೇಕು ಅಂದ್ರು. ಬ್ರಾಂಚ್ ಓಪನ್ ಆಯ್ತು, ಖುಷಿ ಅಂದ್ಕೊಂಡೆ."

ಬ್ರಾಂಚ್ ಅಲ್ಲ, ನಾವು ಬೇರೆಯಾಗಿದ್ದೇವೆ ಎಂದು ವಿವರಿಸಿದೆ. ಎಲ್ಲ ಕೇಳಿ, "ಯಾಕೆ?" ಎಂದರು. ಹದಿನೆಂಟನೆಯ ನಿಬಂಧನೆ ಎಂದೆ. "ಅದರಲ್ಲಿ ಏನೈತೆ?" ಎಂದರು. ಒಲೆಯ ಹೊಗೆ ಕಣ್ಣಿಗೆ ಬಂದು ನಾನು ಹೊರಗೆ ನಿಲ್ಲಬೇಕಾಯಿತು. ಒಳಗಿನಿಂದ ಅವರ ಹೆಂಡತಿ ನಜ್ಮುನ್ನೀಸಾ, "ಬೇರೆ ಬೇರೆ ಬೇಕಾದ್ರೆ ಇನ್ನೊಂದು ಅಚ್ಚು ಅವರೇ ಮಾಡಿಸ್ಕೊಂಡು ಬರ್ಲಿ, ಒಂದು ರೊಟ್ಟಿಗೆ ಎಷ್ಟು ತಲೆನೋವು" ಎಂದದ್ದು ಚೆನ್ನಾಗಿ ಕೇಳಿಸಿತು. ಸಾಹೇಬರು ಚಾಕು ಒರೆಸುತ್ತಾ ಇನ್ನೊಂದು ಮಾತು ಸೇರಿಸಿದರು. ಅರ್ಧವೂ ಜಾಸ್ತಿಯಾಗುತ್ತದೆ, ಚಿಕ್ಕದು ಮಾಡಿ ಎಂದು ಎರಡು ಕಡೆಯಿಂದಲೂ ಹೇಳಿ ಕಳಿಸಿದ್ದಾರಂತೆ. ನಿಮ್ಮ ಸಭೆ ತುಂಬಿ ತುಳುಕುತ್ತಿದೆ ಎಂದು ಹೆಡ್ಡಾಫೀಸಿಗೆ ಬರೆಯುವಾಗ ಇದನ್ನು ನೆನಪಿಡಿ. ನಮ್ಮ ಕಡೆಯದು ರೊಟ್ಟಿ ದಪ್ಪವಾದ್ದರಿಂದ ಉಳಿಯುವುದು.

ವಿಚಾರ ಏನೆಂದರೆ, ಪ್ರತಿ ತಿಂಗಳ ಮೊದಲ ಭಾನುವಾರ ನಿಮ್ಮ ಪಾಸ್ಟರೂ ನಮ್ಮ ಪಾಸ್ಟರೂ, ನಾವೆಲ್ಲ ಒಂದೇ ರೊಟ್ಟಿಯಿಂದ ತಿನ್ನುವವರು, ಒಂದೇ ದೇಹ, ಎಂದು ಹೇಳಿ ಮುರಿಯುವುದು. ನಾವು ನಮ್ಮ ಬಣದ ಬಗ್ಗೆ ಅಂದುಕೊಂಡು ಆಮೆನ್ ಅನ್ನುತ್ತಿದ್ದೆವು. ಮೂರು ವರ್ಷ ನಿಮ್ಮನ್ನೂ ಸೇರಿಸಿ ಆಮೆನ್ ಅಂದಿದ್ದೇವೆ. ಪಾಸ್ಟರಿಗೆ ಹೇಳಿದೆ. ಅವರು ಅಂದು ರಾತ್ರಿ ಊಟ ಮಾಡಲಿಲ್ಲ.

ಇದನ್ನು ಅಮ್ಮನಿಗೆ ಹೇಳಬೇಡ.

ಸಮಾಧಾನಪ್ಪ


ವೈ.ಎನ್.ಹೊಸಕೋಟೆ
21 ಏಪ್ರಿಲ್ 2025

ಸಮಾಧಾನ,

ಹೇಳಿದೆ.

ನಿನ್ನ ಕಾಗದದ ಕೊನೆಯ ಸಾಲು ಓದಿದ ಮೇಲೆ ಹೇಳದೆ ಇರಲಾಗಲಿಲ್ಲ. ಹೇಳಬೇಡ ಅಂತ ನೀನು ಅಂದರೆ ನನಗೆ ಹುಟ್ಟಿದಾಗಿನಿಂದ ಹಾಗೇ.

ನಗುತ್ತಾಳೆ ಅಂದುಕೊಂಡಿದ್ದೆ. ಪಂಕ್ತಿ ಒಂದೇ ಆಗಿತ್ತಲ್ಲ, ಈಗಲಾದರೂ ತಿನ್ನು ಅಂತ ಬಾಯಿ ಮುಚ್ಚಿಸೋಣ ಅಂದುಕೊಂಡಿದ್ದೆ. ನಿನ್ನೆ ಈಸ್ಟರ್ ಆರಾಧನೆ ಮುಗಿಸಿ ಬಂದು ಓದಿ ಹೇಳಿದೆ. ಕೇಳಿದಳು. ಮತ್ತೊಂದು ಸಲ ಓದು ಅಂದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ದೀಪ ಹಚ್ಚುವ ಹೊತ್ತಿಗೆ ಎದ್ದು ಕೂತು ಅಂದದ್ದು ಇಷ್ಟು:

"ಅಂಗಾರೆ ಕಿತ್ತಾಡೋ ನೀವಿಬ್ರೂ ಒಂದೇ ರೊಟ್ಟಿ ತಿಂತಾ ಇದ್ರಿ. ಒಂದಾಗ್ಲಿ ಅಂತ ಉಪಾಸ ಇದ್ದೋಳು ನಾನೊಬ್ಳೇ ಆಚೆಗಿದ್ದೆ."

ಅವಳ ಮುಖ ನೋಡಲು ಆಗಲಿಲ್ಲ ಕಣೋ. ಆಮೇಲೆ ಸಿಟ್ಟು ಬಂತು ಅವಳಿಗೆ. ನಿನ್ನ ಮೇಲೆ, ನನ್ನ ಮೇಲೆ, ಆ ಚಾಕುವಿನ ಮೇಲೆ. "ಆವಯ್ಯ ಕುಯ್ಯೋಕೆ ಮುಂಚೆ ನಾನು ಅದನ್ನ ನೋಡ್ಬೇಕು" ಅಂದಳು. ಹೇಗೂ ಮೇ ನಾಲ್ಕರ ಭಾನುವಾರ ತುಮಕೂರಿಗೆ ಕಾರು ಹೇಳಿದ್ದೇವೆ. ಮಧುಗಿರಿ ದಾರಿ ಬಿಟ್ಟು ಶಿರಾ ಮೇಲೆ ಹೋಗಬೇಕಂತೆ. ಆ ಸಲದ ರೊಟ್ಟಿ ಶನಿವಾರ ಸುಡಬೇಡಿ, ಭಾನುವಾರ ಬೆಳಿಗ್ಗೆ ಸುಟ್ಟು ಹಾಗೇ ಇಡಿ ಅಂತ ಇಸಾಕ್ ಸಾಹೇಬರಿಗೆ ನನ್ನಿಂದಲೇ ಫೋನ್ ಮಾಡಿಸಿದಳು. ಅಲ್ಲೇ ತಿನ್ನುತ್ತಾಳಂತೆ. ಮುರಿಯುವುದಕ್ಕೆ ಪಾಸ್ಟರು ಬೇಕಲ್ಲ ಅಂದೆ. "ಇಬ್ರೂ ಬರ್ಲಿ. ಬರ್ದಿದ್ರೆ ಅವ್ರ ಪಾಡು" ಅಂದಳು.

ನಮ್ಮ ಪಾಸ್ಟರು ಬರುತ್ತಾರೆ. ನಿಮ್ಮವರು ಬಂದು ಇಡೀ ರೊಟ್ಟಿ ಹೊಡೆದುಕೊಂಡು ಹೋಗಬಾರದು ಅಂತ.

ಜೀವರತ್ನ


ಮಧುಗಿರಿ
28 ಏಪ್ರಿಲ್ 2025

ಮಾನ್ಯರೇ,

ಸದರಿ ಭಾನುವಾರ ಬೆಳಿಗ್ಗೆ ನಮ್ಮ ಪಾಸ್ಟರು, ನಾನು ಮತ್ತು ಕಮಿಟಿಯವರು ವೀಕ್ಷಕರಾಗಿ ಮಾತ್ರ ಶಿರಾಕ್ಕೆ ಬರುತ್ತೇವೆ. ಇದು ಒಂದೇ ಮೇಜು ಅಲ್ಲ. ಬೇಕರಿಯಲ್ಲಿರುವುದು ಹಲಗೆ. ಹೆಡ್ಡಾಫೀಸಿಗೆ ಒಂದಾದೆವೆಂದು ಬರೆದರೆ ಆಕ್ಷೇಪಣೆ ಸಲ್ಲಿಸುತ್ತೇವೆ.

ಅಮ್ಮನಿಗೆ ಕಾರಿನ ಹಿಂದಿನ ಸೀಟಿನಲ್ಲಿ ಎಡಗಡೆ ದಿಂಬು ಕೊಡಿ. ಶಿರಾ ದಾರಿಯಲ್ಲಿ ಹಂಪು ಜಾಸ್ತಿ.

ಸಮಾಧಾನಪ್ಪ


ಮಧುಗಿರಿ
12 ಮೇ 2025

ಮಾನ್ಯರೇ,

ವಿಷಯ: ಮೇ ನಾಲ್ಕರಂದು ಶಿರಾದಲ್ಲಿ ನಡೆದ ಅನ್ಯಾಯದ ಬಗ್ಗೆ ಪ್ರತಿಭಟನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಾಳೆ ನೀವು ಬೇರೆ ಹೇಳಬಾರದು. ಬೇಕರಿ ಜಗಲಿಯ ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ನೀವು ನಿಂತಿದ್ದೆವು. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಅಮ್ಮ ಕಾರಿನಿಂದ ಇಳಿದಾಗ ಅವಳ ಬಲಗೈ ಹಿಡಿಯಲು ನಾನು ಬಂದೆ. ಎಡಗೈ ನೀವು ಆಗಲೇ ಹಿಡಿದಿದ್ದಿರಿ. ಮೂರು ಮೆಟ್ಟಿಲನ್ನು ಮೂವರೂ ಒಟ್ಟಿಗೆ ಹತ್ತಬೇಕಾಯಿತು. ಅದು ಅಮ್ಮನ ಸೊಂಟಕ್ಕಾಗಿ ಮಾಡಿದ್ದು. ಅದನ್ನು ಐಕ್ಯವೆಂದು ಎಣಿಸಕೂಡದು.

ಅಮ್ಮ ಮೈದಾ ಚೀಲಗಳ ಪಕ್ಕದ ಬೆಂಚಿನಲ್ಲಿ ಕೂತಳು. ರೊಟ್ಟಿಯನ್ನು ಮುಟ್ಟಿ ನೋಡಿದಳು. ಬಿಸಿ ಇತ್ತು. "ಚಾಕು ಆ ಕಡೆ ಇಡಪ್ಪಾ" ಎಂದು ಸಾಹೇಬರಿಗೆ ಹೇಳಿದಳು. ಅವರು ಚಾಕು ಬಚ್ಚಿಟ್ಟು, ಟೋಪಿ ಸರಿ ಮಾಡಿಕೊಂಡು ಬಾಗಿಲಾಚೆ ಹೋಗಿ ನಿಂತರು. ಇಬ್ಬರು ಪಾಸ್ಟರಿಗೂ, "ಆ ತುದಿ ನೀವ್ ಹಿಡೀರಿ, ಈ ತುದಿ ನೀವ್ ಹಿಡೀರಿ" ಎಂದಳು. ವೀಕ್ಷಕರಾಗಿ ಬಂದ ನಮ್ಮ ಪಾಸ್ಟರ ಚೀಲದಲ್ಲಿ ಬಿಳಿ ಅಂಗಿ ಹೇಗೆ ಬಂತೆಂದು ನಾನು ಇನ್ನೂ ಕೇಳಿಲ್ಲ. ನಿಮ್ಮವರ ಚೀಲದಲ್ಲೂ ಇತ್ತು.

ದ್ರಾಕ್ಷಾರಸ ಇಬ್ಬರೂ ತಂದಿದ್ದರು. ಅಮ್ಮ ಎರಡನ್ನೂ ಒಂದೇ ಸ್ಟೀಲ್ ಲೋಟಕ್ಕೆ ಸುರಿಸಿದಳು. ಯಾರದು ಯಾವುದೆಂದು ಬೇರೆ ಮಾಡಲು ಆಮೇಲೆ ಸಾಧ್ಯವಿರಲಿಲ್ಲ.

ಇಬ್ಬರೂ ಒಂದೇ ಮಾತು ಹೇಳಿ ಎಳೆದರು. ಅಮ್ಮ ಮೊದಲು ಕೈ ಚಾಚಿದಳು. ಅವಳು ತಿಂದದ್ದನ್ನು ನಾನು ನೋಡಿದೆ. ನೀವೂ ನೋಡಿದಿರಿ. ಅದರ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ.

ಆಕ್ಷೇಪಣೆ ಇರುವುದು ರೊಟ್ಟಿ ಮುರಿದ ರೀತಿಗೆ. ಅದು ಮಧ್ಯಕ್ಕೆ ಮುರಿಯಲಿಲ್ಲ. ದೊಡ್ಡ ಹೋಳು ನಿಮ್ಮ ಪಾಸ್ಟರ ಕೈಗೆ ಹೋಯಿತು. ನಮ್ಮವರ ಕೈಯಲ್ಲಿ ಉಳಿದದ್ದು ತುದಿ, ಅದೂ ಸೀದುಹೋದ ಕಡೆ. ನಮ್ಮ ಜನಕ್ಕೆ ಚೂರು ಚೂರು ಹಂಚಿದೆವು. ನಿಮ್ಮವರು ದವಡೆ ಆಡಿಸುತ್ತಾ ನಿಂತಿದ್ದು ಎಲ್ಲರಿಗೂ ಕಂಡಿದೆ. ಇದು ಸರಿಹೋಗಬೇಕು. ಜೂನ್ ಒಂದರ ಭಾನುವಾರ ಅದೇ ಸ್ಥಳದಲ್ಲಿ, ಅದೇ ರೀತಿ, ದೊಡ್ಡ ಭಾಗ ನಮ್ಮ ಕಡೆ ಬರುವಂತೆ ಮತ್ತೆ ಮುರಿಯತಕ್ಕದ್ದು. ತಾವು ತಪ್ಪದೆ ಹಾಜರಿರಬೇಕು. ನೀವು ಬಾರದಿದ್ದರೆ ಆ ತುದಿ ಹಿಡಿಯುವವರು ಇರುವುದಿಲ್ಲ.

ಹೆಡ್ಡಾಫೀಸಿಗೆ ಕಾರಣದ ಪುಟ ಕಳಿಸಬೇಕಲ್ಲ. ನಮ್ಮ ಕಮಿಟಿ ಈಗ ಒಮ್ಮತದಿಂದ, ದೊಡ್ಡ ಹೋಳು ಎಂದು ಬರೆದಿದೆ.

ಇಂತಿ,
ಸಮಾಧಾನಪ್ಪ


ತುಮಕೂರು
19 ಮೇ 2025

ಸಮಾಧಾನ,

ಪ್ರತಿಭಟನೆ ತಲುಪಿತು. ನಮ್ಮ ಕಮಿಟಿ ಅದನ್ನು ತಿರಸ್ಕರಿಸಿದೆ. ರೊಟ್ಟಿ ನ್ಯಾಯವಾಗಿಯೇ ಮುರಿದಿದೆ. ನಿಮ್ಮ ಪಾಸ್ಟರಿಗೆ ಹಿಡಿಯಲು ಬರಲಿಲ್ಲ. ಅದನ್ನು ಅಲ್ಲೇ ತೋರಿಸಿಕೊಡಲು ಜೂನ್ ಒಂದಕ್ಕೆ ನಾವೂ ಬರುತ್ತೇವೆ.

ಅಮ್ಮನನ್ನು ನಿನ್ನೆ ನಿಲ್ಲಿಸಿದರು. ವಾಕರ್ ಹಿಡಿದು ಬಾಗಿಲತನಕ ಹೋಗಿ ಬಂದಳು. ಫಿಸಿಯೋಥೆರಪಿ ಹುಡುಗಿಯನ್ನು ಬೈದಳು, ಹಾಗಾಗಿ ಗುಣವಾಗುತ್ತಿದೆ ಅಂತ ಅರ್ಥ. ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ಯಾರೋ ಡ್ರಿಲ್ ಮಾಸ್ತರ ಥರದವರು ಬಂದು ಎಳನೀರು ಕೊಟ್ಟು ಹೋಗುತ್ತಿದ್ದಾರಂತೆ, ವಾರ್ಡಿನವರು ಹೇಳಿದರು. ಅವರು ಯಾರಾದರೂ ನಿನಗೆ ಸಿಕ್ಕರೆ ಹೇಳು, ಅದು ಎಳನೀರಲ್ಲ, ಬಲಿತ ಕಾಯಿ. ಕೊಚ್ಚಿಸುವ ಮುಂಚೆ ಅಲ್ಲಾಡಿಸಿ ನೋಡಬೇಕು.

ಜೂನ್ ಒಂದಕ್ಕೆ ಅಮ್ಮ ಒಂದು ಬದಲಾವಣೆ ಹೇಳಿದ್ದಾಳೆ. ಪಾಸ್ಟರುಗಳು ಪ್ರಾರ್ಥನೆ ಹೇಳಲಿ ಸಾಕು, ಮುರಿಯುವಾಗ ಆ ತುದಿ ನೀನು ಹಿಡಿಯಬೇಕು, ಈ ತುದಿ ನಾನು ಹಿಡಿಯಬೇಕು ಅಂತ. ಇದು ಯಾವ ಪದ್ಧತಿಯಲ್ಲೂ ಇಲ್ಲ, ನಾನು ಒಪ್ಪಿಲ್ಲ. ನೀನೂ ಒಪ್ಪಬೇಡ.

ಒಪ್ಪಲ್ಲ ಅಂತ ಅವಳ ಎದುರಿಗೆ ಹೇಳುವುದಕ್ಕಾದರೂ ಆ ಭಾನುವಾರ ಬೇಗ ಬಾ.

ಜೀವರತ್ನ